ಅಣ್ಣ ಗುಂಪಿಗೆ ಹಾಕಿದ ಕಾರಿನ ಜಾಹೀರಾತು

ಅಣ್ಣ: (ಜಾಹೀರಾತು, 9 ಫೋಟೊ)

ಅಣ್ಣ: ಪುಟ್ಟಿ, ಇದನ್ನು ನೋಡು. 2013ರ ಸೆಡಾನ್. 2 ಲೀಟರ್ ಟರ್ಬೊ, ಆಟೊಮ್ಯಾಟಿಕ್, ಸನ್‌ರೂಫ್ ಇದೆ. ಓಡಿರುವುದು ಬರೀ 38,000 ಕಿ.ಮೀ. ನೀನು ನೋಡಿಟ್ಟಿರುವ ಸ್ವಿಫ್ಟಿಗೂ ಇದಕ್ಕೂ ಬೆಲೆಯಲ್ಲಿ ಅಂಥ ವ್ಯತ್ಯಾಸವೇನಿಲ್ಲ.

ಅತ್ತಿಗೆ: ಬಣ್ಣ ತುಂಬಾ ಚೆನ್ನಾಗಿದೆ.

ನಾನು: ನೋಡಿದೆ ಅಣ್ಣ. ಗಾಡಿ ಚೆಂದ ಇದೆ. ಆದರೆ ನನಗೆ ಬೇಡ.

ಅಣ್ಣ: ಓಡಿಸುವ ಖುಷಿ ಬೇಕು ಅಂತ ಹೇಳಿದವಳು ನೀನೇ ಅಲ್ವಾ? 1.2 ಲೀಟರ್ ಎಂಜಿನ್‌ನಲ್ಲಿ ಏನು ಖುಷಿ ಸಿಗುತ್ತದೆ?

ನಾನು: ಮೊನ್ನೆ ಆ ಸ್ವಿಫ್ಟ್ ಓಡಿಸಿ ನೋಡಿದೆನಲ್ಲ. ಎರಡನೇ ಗೇರಿನಲ್ಲಿ ತಿರುವಿಗೆ ಇಳಿದು, ಹೊರಗೆ ಬರುವಾಗ ಆಕ್ಸಿಲರೇಟರ್ ಒತ್ತಿದರೆ ಗಾಡಿ ಕೈಯಲ್ಲೇ ಇದ್ದ ಹಾಗೆ ತಿರುಗುತ್ತದೆ. ಮೀಟರ್ ನೋಡಿದರೆ 45. ಅಷ್ಟರಲ್ಲೇ ನನಗೆ ನಗು ಬಂತು. ಅದರ ತೂಕ ಒಂದು ಟನ್ ಆಸುಪಾಸು. ನಿನ್ನ ಸೆಡಾನ್ ಒಂದೂವರೆ ಟನ್ ದಾಟುತ್ತದೆ. ಅದರಲ್ಲಿ ಖುಷಿ ಬರಬೇಕಾದರೆ 120ಕ್ಕೆ ಹೋಗಬೇಕು. ದಿನಾ ಯಾವ ರಸ್ತೆಯಲ್ಲಿ 120ಕ್ಕೆ ಹೋಗಲಿ? ಮಜ್ದಾ ಎಂಎಕ್ಸ್-5 ಅನ್ನುವ ಸ್ಪೋರ್ಟ್ಸ್ ಕಾರು 1989ರಲ್ಲಿ ಬಂದಾಗ ಎಂಜಿನ್ 1.6 ಲೀಟರ್, ತೂಕ ಸಾವಿರ ಕಿಲೋಗಿಂತ ಕಡಿಮೆ. 2016ಕ್ಕೆ ಹತ್ತು ಲಕ್ಷನೇ ಗಾಡಿ ಕಾರ್ಖಾನೆಯಿಂದ ಹೊರಗೆ ಬಂತು. ಅಷ್ಟೂ ಜನ ಅದನ್ನು ಪಿಕಪ್‌ಗಾಗಿ ಕೊಂಡಿದ್ದಲ್ಲ.

ಅಣ್ಣ: ಅದು ಎರಡು ಸೀಟಿನ ಗಾಡಿ. ಅದರ ಮಾತು ಇಲ್ಲಿ ಯಾಕೆ?

ನಾನು: ಹಗುರ ಇದ್ದರೆ ಸಣ್ಣ ಎಂಜಿನ್ ಸಾಕು ಅನ್ನುವುದಕ್ಕೆ.

ಚಿಕ್ಕಪ್ಪ: ನನಗೊಂದು ಅರ್ಥ ಆಗುತ್ತಿಲ್ಲ ಮಗಳೇ. ಸ್ವಿಫ್ಟ್ 1,12,000 ಓಡಿದೆ ಅನ್ನುತ್ತೀಯ. ಇದು 38,000. ಕಡಿಮೆ ಓಡಿದ್ದನ್ನು ಬಿಟ್ಟು ಜಾಸ್ತಿ ಓಡಿದ್ದನ್ನು ಯಾರಾದರೂ ತೆಗೆದುಕೊಳ್ಳುತ್ತಾರಾ?

ನಾನು: ಎಷ್ಟು ಓಡಿದೆ ಅನ್ನುವುದಕ್ಕಿಂತ ಹೇಗೆ ಓಡಿದೆ ಅನ್ನುವುದು ಮುಖ್ಯ ಚಿಕ್ಕಪ್ಪ. ಸ್ವಿಫ್ಟಿನ ಸರ್ವಿಸ್ ಬುಕ್ ಪೂರ್ತಿ ಇದೆ. ಆಯಿಲ್ ಬದಲಿಸಿದ ಬಿಲ್ ವರ್ಷ ವರ್ಷವೂ ಇದೆ, ಪ್ರತಿ ಬಿಲ್ಲಿನಲ್ಲೂ ಆಗ ಎಷ್ಟು ಕಿ.ಮೀ. ಓಡಿತ್ತು ಅಂತ ಬರೆದಿದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದ ಗಾಡಿಗೆ ಸವಕಳಿ ಕಡಿಮೆ. ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಆಯಿಲ್‌ನಲ್ಲಿ ನೀರಿನ ಅಂಶ ಉಳಿದುಬಿಡುತ್ತದೆ. ಸುಮ್ನೆ ನಿಂತ ಗಾಡಿಯ ಟೈರು, ರಬ್ಬರಿನ ಬುಶ್ಶು, ಹೋಸ್ ಪೈಪು ಓಡದೆಯೇ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವು ತೆರೆದು ಮುಚ್ಚಿಸುವ ಪಟ್ಟಿ) ಇರುವ ಎಂಜಿನ್ ಆದರಂತೂ ಬೆಲ್ಟಿಗೆ ಕಿಲೋಮೀಟರ್ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇರುತ್ತದೆ. ಅದು ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ಅಲ್ಲಿಗೆ ಎಂಜಿನ್ ಬಿಚ್ಚಬೇಕು. ಸ್ವಿಫ್ಟಿನ 1.2 ಪೆಟ್ರೋಲ್ ಎಂಜಿನ್‌ಗೆ ಬೆಲ್ಟ್ ಅಲ್ಲ, ಚೈನ್.

ಭಾವ: ಚೈನ್ ಆದರೂ ಆಯಿಲ್ ಸರಿಯಾಗಿ ಬದಲಿಸದಿದ್ದರೆ ಸಡಿಲ ಆಗುತ್ತದೆ. ಬಿಲ್ ಇದೆ ಅನ್ನುತ್ತಿದ್ದೀಯ, ಒಳ್ಳೆಯದು.

ಅಕ್ಕ: ಅಣ್ಣ, ಐದನೇ ಫೋಟೊ ದೊಡ್ಡದು ಮಾಡಿ ನೋಡು.

ಅಣ್ಣ: ಸ್ಟೇರಿಂಗ್ ತಾನೇ? ಏನಾಗಿದೆ?

ಅಕ್ಕ: ಸ್ಟೇರಿಂಗಿನ ಕೆಳಗೆ. ಬ್ರೇಕ್ ಪೆಡಲ್ ನೋಡು. ರಬ್ಬರಿನ ಮೇಲಿನ ಗೆರೆಗಳು ಎಡಗಡೆ ಇವೆ, ಬಲಗಡೆ ಪೂರ್ತಿ ಸವೆದು ನುಣ್ಣಗಾಗಿದೆ. ಈಗ ಸ್ಟೇರಿಂಗ್ ನೋಡು. ಕೈ ಹಿಡಿಯುವ ಜಾಗದಲ್ಲಿ ಚರ್ಮ ಮಿರಮಿರ ಮಿಂಚುತ್ತಿದೆ. ಡ್ರೈವರ್ ಸೀಟಿಗೆ ಹೊಸ ಕವರ್, ಪಕ್ಕದ ಸೀಟಿಗೆ ಕವರೇ ಇಲ್ಲ. 38,000ಕ್ಕೆ ಇಷ್ಟೆಲ್ಲ ಸವೆಯುತ್ತದಾ? ನನ್ನ ಗಾಡಿ 60,000 ಓಡಿದೆ, ಪೆಡಲ್ ರಬ್ಬರಿನ ಗೆರೆ ಇನ್ನೂ ಎಣಿಸಬಹುದು.

ಅಣ್ಣ: ಶೂ ಹಾಕಿಕೊಂಡು ಓಡಿಸುವವರು ಇರಬಹುದು. ಅಷ್ಟಕ್ಕೇ ಅನುಮಾನ ಪಡುವುದು ಸರಿಯಲ್ಲ.

ಅಕ್ಕ: ಸರಿ, ಏಳನೇ ಫೋಟೊ. ಮುಂದಿನ ಟೈರು. ಅದರ ಬದಿಯಲ್ಲಿ ಅಚ್ಚಾದ ಕೋಡಿನ ಕೊನೆಯ ನಾಲ್ಕು ಅಂಕಿ 1817 ಅಂತ ಕಾಣಿಸುತ್ತಿದೆ. ಅಂದರೆ 2017ರ 18ನೇ ವಾರ ತಯಾರಾದ ಟೈರು. ಗಾಡಿ 2013ರದ್ದು. ನಾಲ್ಕೇ ವರ್ಷಕ್ಕೆ ಹೊಸ ಟೈರು ಯಾಕೆ ಹಾಕಿಸಿದರು? ವಯಸ್ಸಾಗಿ ಬದಲಿಸಿದ್ದು ಅನ್ನುವ ಹಾಗಿಲ್ಲ. ಅಷ್ಟರಲ್ಲೇ ಅದು 40 ಸಾವಿರವೋ 50 ಸಾವಿರವೋ ಓಡಿರಬೇಕು.

ಚಿಕ್ಕಪ್ಪ: ಅಂದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರಾ?

ಅಕ್ಕ: ನನಗೆ ಹಾಗೇ ಅನ್ನಿಸುತ್ತಿದೆ ಚಿಕ್ಕಪ್ಪ. ಹಳೇ ಬಿಲ್‌ಗಳನ್ನು ತೋರಿಸಿದರೆ ನಿಜ ಗೊತ್ತಾಗುತ್ತದೆ. ಅದು ಬಿಟ್ಟರೂ ಆ ಟೈರುಗಳಿಗೆ ವಯಸ್ಸಾಗಿದೆ. ಗೆರೆ ಆಳ ಇದ್ದರೂ ಬದಲಿಸಲೇಬೇಕು.

ಅಣ್ಣ: ಬಿಲ್ ಕೇಳುತ್ತೇನೆ, ಇರಿ. ಮೀಟರ್ ವಿಷಯ ಪಕ್ಕಕ್ಕಿಡಿ. ಅಷ್ಟು ಒಳ್ಳೆಯ ಗಾಡಿ ಈ ಬೆಲೆಗೆ ಮತ್ತೆ ಸಿಗುತ್ತದಾ?

ಭಾವ: ಆ ಮಾತು ನಾನೂ ಒಂದು ಸಲ ಆಡಿದ್ದೆ. ಮೊದಲಿನ ಗಾಡಿ ನಿಮಗೆ ನೆನಪಿರಬೇಕು, ದೊಡ್ಡದು, ಆಟೊಮ್ಯಾಟಿಕ್. ಗೇರ್‌ಬಾಕ್ಸ್ ಆಯಿಲ್ ಯಾವತ್ತೂ ಬದಲಿಸಬೇಕಿಲ್ಲ ಅಂತ ಮಾರಿದವರು ಹೇಳಿದ್ದರು, ನಂಬಿದೆ. ಎಂಟು ತಿಂಗಳಿಗೆ ಎರಡರಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ದಬ್ಬಿದ ಹಾಗೆ ಜರ್ಕ್ ಹೊಡೆಯಲು ಶುರುವಾಯಿತು. ಬಿಚ್ಚಿದಾಗ ಆಯಿಲ್ ಕಪ್ಪಗೆ, ಸುಟ್ಟ ವಾಸನೆ, ಕೆಳಗಿನ ಪ್ಯಾನ್‌ನಲ್ಲಿ ಕಬ್ಬಿಣದ ಪುಡಿ. ರಿಪೇರಿಗೆ ಹೇಳಿದ ಲೆಕ್ಕ ನಾನು ಗಾಡಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ. ದೊಡ್ಡ ಗಾಡಿಯ ಬೆಲೆ ಇಳಿಯುತ್ತದೆ, ಅದರ ಪಾರ್ಟ್ಸ್ ಬೆಲೆ ಇಳಿಯುವುದಿಲ್ಲ. ಹೊಸದರಲ್ಲಿ ಅಷ್ಟು ದುಡ್ಡು ಕೊಟ್ಟು ಕೊಂಡವರಿಗೆ ಲೆಕ್ಕ ಹಾಕಿದ ಪಾರ್ಟ್ಸ್ ಅವು. ಮೂರನೇ ಕೈಗೆ ಬಂದರೂ ಅದೇ ದರ.

ನಾನು: ನನ್ನ ಭಯವೂ ಅದೇ ಭಾವ. ಅದಕ್ಕೇ ಇರುವ ದುಡ್ಡಿನಲ್ಲಿ ಆರನೇ ಒಂದು ಪಾಲು ತೆಗೆದಿಟ್ಟು, ಉಳಿದದ್ದರಲ್ಲಿ ಮಾತ್ರ ಗಾಡಿ ಹುಡುಕುತ್ತಿದ್ದೇನೆ. ಯಾವ ಹಳೇ ಗಾಡಿ ತಂದರೂ ಮೊದಲ ತಿಂಗಳು ಎಲ್ಲ ಆಯಿಲ್, ಫಿಲ್ಟರ್, ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ), ಬ್ರೇಕ್ ಪ್ಯಾಡ್ ಬದಲಿಸಬೇಕು. ಆ ದುಡ್ಡು ಸನ್‌ರೂಫಿಗೆ ಹೋಗಬಾರದು.

ಅಕ್ಕ: ಪುಟ್ಟಿ, ಹೋಂಡಾ ಜಾಝ್ ಯಾಕೆ ನೋಡಲಿಲ್ಲ? ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗೆ ಇರುವುದರಿಂದ ಹಿಂದಿನ ಸೀಟು ಮೇಲಕ್ಕೆ ಮಡಚಿ ಸೈಕಲ್ಲೇ ಇಡಬಹುದು.

ನಾನು: ಎರಡು ನೋಡಿದೆ ಅಕ್ಕ. ಒಂದಕ್ಕೆ ದಾಖಲೆ ಇರಲಿಲ್ಲ. ಇನ್ನೊಂದರಲ್ಲಿ ಸೀಟ್ ಬೆಲ್ಟ್ ಕೊನೆಯವರೆಗೂ ಎಳೆದು ನೋಡಿದರೆ ಅರ್ಧದಲ್ಲಿ ಕೆಸರಿನ ಗೆರೆ. ನೀರಲ್ಲಿ ಮುಳುಗಿದ ಗಾಡಿ. ಮುಟ್ಟದೆ ವಾಪಸ್ ಬಂದೆ.

ಅಣ್ಣ: ಸರಿ, ಇಷ್ಟೆಲ್ಲ ಗೊತ್ತಿರುವವಳು ಒಂದು ಹೇಳು. ಮೊನ್ನೆ ನೀನು ಹೋದಾಗ ಸ್ವಿಫ್ಟಿನ ಎಂಜಿನ್ ತಣ್ಣಗಿತ್ತಾ?

ನಾನು: ಇಲ್ಲ. ಅವರು ಆಗ ತಾನೇ ಹೊರಗಿನಿಂದ ಬಂದಿದ್ದರು.

ಅಣ್ಣ: ಮತ್ತೆ? ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಚೈನ್ ಸಡಿಲ ಇದ್ದರೆ ಮೊದಲ ಕೆಲವು ಸೆಕೆಂಡ್ ಗಲಗಲ ಸದ್ದು ಬರುತ್ತದೆ. ಇದ್ಯಾವುದನ್ನೂ ನೀನು ನೋಡಿಲ್ಲ. ತಿರುವಿನಲ್ಲಿ ನಗು ಬಂತು ಅಂತ ಮನಸ್ಸು ಕೊಟ್ಟುಬಿಟ್ಟಿದ್ದೀಯ.

ಭಾವ: ಈ ಮಾತು ನೂರಕ್ಕೆ ನೂರು ಸರಿ.

ನಾನು: ಹೌದು ಅಣ್ಣ. ಅದು ನನ್ನ ತಪ್ಪು. ಬಿಲ್ ನೋಡಿದ ಖುಷಿಯಲ್ಲಿ ಬಾನೆಟ್ ಮೇಲೆ ಕೈ ಇಟ್ಟು ನೋಡುವುದನ್ನೇ ಮರೆತೆ.

ಭಾವ: ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ನನ್ನ ಹತ್ತಿರ ಇದೆ, ಕಳಿಸಿಕೊಡುತ್ತೇನೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚು. ಕೋಡ್ ಇದೆಯಾ ಅಂತ ನೋಡಿದರೆ ಸಾಲದು. ನೀವು ಬರುವ ಮೊದಲು ಮಾರುವವರು ಕೋಡ್ ಅಳಿಸಿದ್ದರೆ ಗಾಡಿ ತನ್ನ ಒಳಗಿನ ಪರೀಕ್ಷೆಗಳನ್ನು ಮೊದಲಿನಿಂದ ಮಾಡಬೇಕು. ಅವು ಮುಗಿದಿಲ್ಲ ಅಂತ ಸ್ಕ್ಯಾನರ್ ತೋರಿಸುತ್ತದೆ. ಹಾಗೆ ತೋರಿಸಿದರೆ ಯಾಕೆ ಅಂತ ಕೇಳಿ.

ಅಣ್ಣ: ಸೆಡಾನ್ ಮಾರುವವರ ಉತ್ತರ ಬಂತು. ಸರ್ವಿಸ್ ಬಿಲ್ ಇಲ್ಲವಂತೆ, ಚಾಸಿಸ್ ನಂಬರ್ ಅಡ್ವಾನ್ಸ್ ಕೊಟ್ಟ ಮೇಲೆ ಕೊಡುತ್ತಾರಂತೆ.

ಚಿಕ್ಕಪ್ಪ: ಬಿಟ್ಟುಬಿಡು ಅದನ್ನು.

ಅಣ್ಣ: ಬಿಟ್ಟೆ ಚಿಕ್ಕಪ್ಪ.

ಅತ್ತಿಗೆ: ಸ್ವಿಫ್ಟ್ ಯಾವ ಬಣ್ಣ?

ನಾನು: ಬೂದು ಅತ್ತಿಗೆ. ಈಗಷ್ಟೇ ಅವರಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಆರೂವರೆಗೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಅಂದೆ. ಒಪ್ಪಿದರು. ನಮ್ಮ ಮೆಕ್ಯಾನಿಕ್ ಹತ್ತಿರ ಲಿಫ್ಟಿಗೆ ಹಾಕಿ ಕೆಳಗಿನಿಂದ ನೋಡುವುದಕ್ಕೂ ಒಪ್ಪಿದ್ದಾರೆ. ಅಣ್ಣ, ನೀನೂ ಬಾ.

ಅಣ್ಣ: ಬರುತ್ತೇನೆ. ಆದರೆ ಮೊದಲು ನಾನು ಓಡಿಸುತ್ತೇನೆ, ನೀನು ಹಿಂದೆ ನಿಂತು ಹೊಗೆ ನೋಡು. ಟಾರ್ಚ್ ತಾ, ಆರೂವರೆಗೆ ಇನ್ನೂ ಕತ್ತಲು ಇರುತ್ತದೆ.