46ರಲ್ಲಿ ಚೆಸ್ ಸೀರಿಯಸ್ಸಾಗಿ ಕಲಿಯೋದು ಹೇಗೆ? ಕಟ್ಟೆ ಆಟ ಟೂರ್ನಿಯಲ್ಲಿ ನಡೆಯಲಿಲ್ಲ

ಗಂಗಾವತಿ ಗುಮಾಸ್ತ:
ಎಲ್ಲರಿಗೂ ನಮಸ್ಕಾರ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಚದುರಂಗ ಕಲಿತದ್ದು ಅಪ್ಪನಿಂದ, ಗುಡಿ ಕಟ್ಟೆ ಮೇಲೆ. ನಮ್ಮಲ್ಲಿ ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿದ್ದ. ರಾಜ ಆಟಕ್ಕೊಮ್ಮೆ ಕುದುರೆ ಹಾಗೆ ಜಿಗಿಯಬಹುದಿತ್ತು. ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸಿ ರಾಜನನ್ನು ಬದಿಗೆ ಸೇರಿಸೋದು) ಅನ್ನೋ ಹೆಸರೇ ಕೇಳಿರಲಿಲ್ಲ, ಅದನ್ನು ಮಗನ ಮೊಬೈಲಿನಲ್ಲಿ ಕಲಿತೆ.

ಹೋದ ತಿಂಗಳು ಬಳ್ಳಾರಿಯ ಒಂದು ಟೂರ್ನಿಗೆ ಹೋಗಿದ್ದೆ. ಐದು ಸುತ್ತು, ಅರ್ಧ ಪಾಯಿಂಟ್. ಮೊದಲ ಸುತ್ತಿಗೆ ಎದುರಿಗೆ ಹತ್ತು ವರ್ಷದ ಹುಡುಗಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕ್ಯಾಸ್ಲಿಂಗ್ ಮಾಡೋಣ ಅಂತ ಬಲಗೈಲಿ ಆನೆ ಎತ್ತಿದೆ, ಎಡಗೈಲಿ ರಾಜನನ್ನು ಹಿಡಿದೆ. ಅವಳು ಗಡಿಯಾರ ನಿಲ್ಲಿಸಿ ಸುಮ್ನೆ ಕೈ ಎತ್ತಿದಳು. ಅರ್ಬಿಟರ್ ಬಂದು, "ಮೊದಲು ಆನೆ ಮುಟ್ಟಿದ್ದೀರಿ ಸರ್, ಆನೇನೇ ನಡೆಸಿ" ಅಂದರು. ನನ್ನ ರಾಜ ನಡುಬೀದಿಯಲ್ಲೇ ನಿಂತ. ಇಪ್ಪತ್ತು ನಡೆಯೊಳಗೆ ಮಾತ್. "ಥ್ಯಾಂಕ್ಯೂ ಅಂಕಲ್" ಅಂತ ಕೈ ಕುಲುಕಿ ಹೋದಳು.

ಆ ಅರ್ಧ ಪಾಯಿಂಟ್ ಬಂದದ್ದು ಒಬ್ಬ ಹಿರಿಯರ ಜೊತೆ. ಕೊನೆಗೆ ಬರೀ ರಾಜರಿಬ್ಬರು, ನನಗೊಂದು ಸಿಪಾಯಿ ಜಾಸ್ತಿ. ಆದರೂ ಡ್ರಾ! ಯಾಕೆ ಅಂತ ಇನ್ನೂ ತಿಳಿದಿಲ್ಲ.

ಈಗ ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಬಗ್ಗೆ ದಪ್ಪನೆಯ ಪುಸ್ತಕ ತಂದಿದ್ದೇನೆ. ರಾತ್ರಿ ಓದಿದ್ದು ಬೆಳಿಗ್ಗೆಗೆ ಇರಲ್ಲ. ಸುಗ್ಗಿ ಇಲ್ಲದಾಗ ದಿನಕ್ಕೊಂದು ತಾಸು ಸಿಗುತ್ತದೆ. ಎಲ್ಲಿಂದ ಶುರು ಮಾಡಲಿ?

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್:
ಅಣ್ಣಾ, ನಾನು ಜೀನ್ಸ್ ಕಟಿಂಗ್ ಮಾಡುವವನು. ಕತ್ತರಿ ಹಾಕಿದ ಮೇಲೆ ಬಟ್ಟೆ ಕೂಡಲ್ಲ, ಮುಟ್ಟಿದ ಕಾಯಿಯೂ ಅಷ್ಟೇ. ಕ್ಯಾಸ್ಲಿಂಗಿಗೆ ಒಂದೇ ಕೈ, ಮೊದಲು ರಾಜ. ಅದೇ ಕೈಲಿ ಗಡಿಯಾರ ಒತ್ತಬೇಕು.

ಪುಸ್ತಕ ಅಟ್ಟಕ್ಕೆ ಹಾಕಿ. ನಾನು ಶುರು ಮಾಡಿದ್ದು 41ಕ್ಕೆ. ಸೋತ ಆಟಗಳನ್ನೆಲ್ಲ ತೆಗೆದು ನೋಡಿದರೆ ಓಪನಿಂಗಿನಿಂದ ಸೋತದ್ದು ಒಂದೋ ಎರಡೋ. ಉಳಿದದ್ದೆಲ್ಲ ಕುದುರೆನೋ ಒಂಟೆನೋ ಪುಕ್ಕಟೆ ಕೊಟ್ಟು ಸೋತದ್ದು. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಿನಲ್ಲಿ ಪಜಲ್ ಫ್ರೀ ಇವೆ, ದಿನಾ ಹತ್ತು ಬಿಡಿಸಿ. ತಪ್ಪಿದ್ದನ್ನು ನಾಳೆ ಮತ್ತೆ. ಮೂರು ನಿಮಿಷದ ಬ್ಲಿಟ್ಜ್ ಮಾತ್ರ ಬೇಡ. ನಾನು ರಾತ್ರಿ ಎರಡರವರೆಗೆ ಆಡಿ, ಬೆಳಿಗ್ಗೆ ಒಂದು ಥಾನು ಬಟ್ಟೆ ಹಾಳು ಮಾಡಿದ್ದೇನೆ.

ಸಿಂಧನೂರು ಸೋನಾ:
ಓಪನಿಂಗ್ ಪೂರ್ತಿ ಬೇಡ ಅಂದರೆ ನಾನು ಒಪ್ಪಲ್ಲ. ಬಿಳಿಗೆ ಒಂದು ಬೇಕೇ ಬೇಕು. ಸಿಪಾಯಿ ಇ4 (ಇ ಸಾಲಿನ ನಾಲ್ಕನೇ ಮನೆ), ಕುದುರೆ ಎಫ್3, ಒಂಟೆ ಸಿ4, ಕ್ಯಾಸ್ಲಿಂಗ್. ಸಾಕು. ರೇಟಿಂಗ್ (ಆಟಗಾರನ ಮಟ್ಟ ತೋರಿಸೋ ಅಂಕ) ಆಸೆ ಸದ್ಯಕ್ಕೆ ಬಿಡಿ ಸರ್, 2024ರ ಮಾರ್ಚ್‌ನಿಂದ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಪಟ್ಟಿಯೇ 1400ರಿಂದ ಶುರು.

ಶಕ್ತಿನಗರ ರಿಟೈರ್ಡ್:
ನಿಮ್ಮ ಡ್ರಾ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಬೋರ್ಡ್ ತೆಗೆದುಕೊಳ್ಳಿ. ನಿಮ್ಮ ರಾಜ ಇ5, ಸಿಪಾಯಿ ಇ4, ಎದುರಿನ ರಾಜ ಇ7. ನಡುವೆ ಒಂದೇ ಮನೆ ಖಾಲಿ. ನಡೆ ಅವರದಾದರೆ ಅವರು ದಾರಿ ಬಿಡಬೇಕು, ನೀವು ಗೆದ್ದಿರಿ. ನಡೆ ನಿಮ್ಮದಾದರೆ ಡ್ರಾ. ಇದಕ್ಕೆ ಅಪೋಸಿಷನ್ ಅಂತಾರೆ.

ಈಗ ಸಿಪಾಯಿಯನ್ನು ಇ3ರಲ್ಲಿಡಿ. ನಡೆ ನಿಮ್ಮದೇ ಇರಲಿ. ಸುಮ್ನೆ ಇ4ಕ್ಕೆ ತಳ್ಳಿ. ಸರದಿ ಅವರಿಗೆ ಹೋಯಿತು ಅಲ್ವಾ? ಆ ಒಂದು ನಡೆ ನೀವು ಕೂಡಿಟ್ಟ ಗಂಟು. ರಾಜ ಮುಂದೆ ಹೋಗಲಿ, ಸಿಪಾಯಿ ಹಿಂದೆ ಕಾಯಲಿ.

ಗಂಗಾವತಿ ಗುಮಾಸ್ತ:
ಹಿರಿಯರೇ, ಸ್ಕೋರ್‌ಶೀಟ್ ಜೇಬಿನಲ್ಲೇ ಇತ್ತು, ಒಗ್ಗರಣೆ-ಮಿರ್ಚಿಯ ಎಣ್ಣೆ ಹತ್ತಿದೆ. 47ನೇ ನಡೆ, ಇ4. ರಾಜ ಇನ್ನೂ ಹಿಂದಿದ್ದಾಗಲೇ ತಳ್ಳಿಬಿಟ್ಟಿದ್ದೇನೆ. ಪಕ್ಕದಲ್ಲಿ ನಾನೇ ಟಿಕ್ ಬೇರೆ ಹಾಕಿಕೊಂಡಿದ್ದೇನೆ, ಒಳ್ಳೆ ನಡೆ ಅಂತ.

ನಿನ್ನೆ ರಾತ್ರಿ ಮಗನ ಜೊತೆ ನೀವು ಹೇಳಿದಂತೆ ಕಾಯಿ ಜೋಡಿಸಿದೆ. ಮೂರು ಸಲ ಗೆದ್ದೆ. ನಾಲ್ಕನೇ ಸಲಕ್ಕೆ ಅವನು ಕಪ್ಪು ಆಡಲ್ಲ ಅಂದ.