ಠಾಣೆ ಬೋರ್ಡಿನ ಫೋಟೋದವ ನಮ್ಮ ಮಿಲ್ಲಿನ್ಯಾಗ ಇದ್ದಂಗೈತಿ, ಹೆಸರು ಹೇಳದ ತಿಳಿಸೋದು ಹೆಂಗ್ರಿ?

ಗಂಗಾವತಿ ಗುಮಾಸ್ತ
ಎಲ್ಲಾರಿಗೂ ನಮಸ್ಕಾರ್ರಿ. ರೈಸ್ ಮಿಲ್ಲಿನ್ಯಾಗ ವೇಬ್ರಿಜ್ ಚೀಟಿ ಬರಿಯೋ ಕೆಲಸ ನಂದು. ಸುಗ್ಗಿ ಶುರುವಾದಾಗ ಒಬ್ಬ ಹಮಾಲ ಹೊಸದಾಗಿ ಬಂದಾನ. ಠಾಣೆ ಬೋರ್ಡಿಗೆ ಹಚ್ಚಿದ ಫೋಟೋದಾಗಿನ ಮನಷ್ಯಾನ ಇವ ಅಂತ ಅನಸ್ತೈತಿ. ಎಡ ಹುಬ್ಬು ಸೀಳಿದ ಗಾಯ ಹಂಗ ಐತಿ. ಕೂಲಿ ಪುಸ್ತಕಕ್ಕ ಹೆಬ್ಬೆಟ್ಟು ಒತ್ತತಾನ, ಆದ್ರ ಚಾ ಅಂಗಡ್ಯಾಗ ಪೇಪರ್ ಓದ್ತಾನ. ಕೊಲೆ ಕೇಸು ಅಂತ ಬರ್ದಾರ. ಸತ್ತವರ ಮನಿಯವರು ಇನ್ನೂ ದಾರಿ ಕಾಯ್ತಿರ್ತಾರಲ್ರಿ, ಸುಮ್ನಿರಾಕ ಮನಸು ಒಪ್ಪವಲ್ದು. ಆದ್ರ ನನ್ನ ಹೆಸರು ಹೊರಗ ಬಂದ್ರ ಹೆಂಡ್ತಿ ಮಕ್ಳ ಗತಿ ಏನು? ಮೂಗರ್ಜಿ ಹಾಕ್ಲೋ, ಫೋನ್ ಮಾಡ್ಲೋ?

ಸಿಂಧನೂರು ರೈತ
112ಕ್ಕ ಫೋನ್ ಹಚ್ರಿ, ಗಾಡಿ ಬರ್ತದ. ಇಲ್ಲಾಂದ್ರ ಅವನ ಫೋಟೋ ತೆಗದು ಊರ ವಾಟ್ಸಾಪ್ ಗ್ರೂಪಿಗೆ ಹಾಕ್ರಿ.

ನಿವೃತ್ತ ಎಎಸ್‌ಐ, ರಾಯಚೂರು
ಗುಮಾಸ್ತರೇ, ಮೊದಲು ವೇಬ್ರಿಜ್, ಹುಬ್ಬು ಅಂತ ಇಲ್ಲಿ ಬರದದ್ದನ್ನ ಅಳಿಸ್ರಿ. ಮಿಲ್ಲಿನವರೂ ಇದನ್ನ ಓದ್ತಾರ.

ಗ್ರೂಪಿಗಂತೂ ಹಾಕಬ್ಯಾಡ್ರಿ, ಕೈ ಮುಗೀತೀನಿ. 2018ರಾಗ ಬೀದರ್ ಜಿಲ್ಲೆ ಮುರ್ಕಿಯೊಳಗ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಸುಳ್ಳು ನಂಬಿ ಒಬ್ಬ ಎಂಜಿನಿಯರನ್ನ ಹೊಡೆದು ಕೊಂದರು. ನಿಮ್ಮ ಹಮಾಲ ಆ ಮನುಷ್ಯ ಅಲ್ಲದಿದ್ರ? ಅವನೇ ಆಗಿದ್ರೂ, ಸುದ್ದಿ ಕಿವಿಗೆ ಬಿದ್ದ ರಾತ್ರಿನೇ ಲಾರಿ ಹತ್ತತಾನ.

112 ಇರೋದು ಕಣ್ಣ ಮುಂದ ಅನಾಹುತ ನಡೆದಾಗ. ನಿಮ್ಮ ನಂಬರ್ ದಾಖಲಾಗತದ, ಗಾಡಿ ನೆಟ್ಟಗ ಮಿಲ್ ಗೇಟಿಗೇ ಬರತದ.

ಮೂಗರ್ಜಿ ಹಾಕಬಹುದು. ಆದ್ರ ಬರೋ ಮೂಗರ್ಜಿಗಳೊಳಗ ಹೊಲದ ಜಗಳ, ಅಣ್ಣತಮ್ಮರ ದ್ವೇಷನೇ ಜಾಸ್ತಿ. ವಿವರ ಇಲ್ಲದ್ದು ಫೈಲಿನ್ಯಾಗೇ ಉಳೀತದ. ಯಾವ ಪಾಳಿ, ಎಲ್ಲಿ ಮಲಗ್ತಾನ, ಬಟವಾಡಿ ಯಾವ ದಿನ, ಚಾಕ್ಕ ಎಷ್ಟೊತ್ತಿಗೆ ಹೋಗ್ತಾನ, ಕಂಡಷ್ಟೇ ಬರೀರಿ. 'ಇವನೇ ಕೊಲೆಗಾರ' ಅಂತ ತೀರ್ಪು ಬರೀಬ್ಯಾಡ್ರಿ. ಕೊಪ್ಪಳ ಎಸ್ಪಿ ಹೆಸರಿಗೆ ಹಾಕ್ರಿ. ನನ್ನ ಕೇಳಿದ್ರ, ಗಂಗಾವತಿ ಡಿವೈಎಸ್ಪಿನ ಖುದ್ದು ಕಂಡು ಹೇಳೋದೇ ಮೇಲು. ಅವರು ತಿರುಗಿ ನಾಕು ಪ್ರಶ್ನೆ ಕೇಳತಾರ. ಮೂಗರ್ಜಿಗೆ ಯಾರು ಏನು ಕೇಳಾಕಾಗತದ?

ವಕೀಲೆ, ಬಳ್ಳಾರಿ
ಸಾಹೇಬ್ರು ಹೇಳಿದ್ದು ಸರಿ, ಕಾನೂನೂ ನಿಮ್ಮ ಕಡೆ ಇದೆ. ಅಪರಾಧದ ಮಾಹಿತಿ ಯಾರಿಂದ ಬಂತು ಅಂತ ಹೇಳಲು ಪೊಲೀಸರನ್ನು ಒತ್ತಾಯಿಸುವಂತಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ ಕಲಂ 125, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 131. ನೀವು ಪ್ರಾಮಾಣಿಕವಾಗಿ ಹೇಳಿ ಗುರುತು ತಪ್ಪಾದರೆ ಅಪರಾಧವಲ್ಲ. ಸುಳ್ಳು ಅಂತ ಗೊತ್ತಿದ್ದೂ ಹೇಳಿದರೆ ಮಾತ್ರ ನ್ಯಾಯ ಸಂಹಿತೆಯ 217 ಬರುತ್ತದೆ.

ಗಂಗಾವತಿ ಗುಮಾಸ್ತ
ಭಾಳ ಧೈರ್ಯ ಬಂತ್ರಿ ಮೇಡಂ. ಸಾಹೇಬ್ರ, ಅಳಸ್ತೀನಿ. ಬಹುಮಾನದ ಮಾತು ತೆಗೀಬಹುದಾ? ರೊಕ್ಕಕ್ಕ ಅಲ್ರಿ, ಆಮ್ಯಾಲ ಹೆಸರು ಕೇಳ್ತಾರೇನೋ ಅಂತ.

ನಿವೃತ್ತ ಎಎಸ್‌ಐ, ರಾಯಚೂರು
ಬಹುಮಾನ ಇದ್ರ ಪ್ರಕಟಣೆಯೊಳಗೇ ಬರದಿರತಾರ. 2024ರ ಮಾರ್ಚಿನ್ಯಾಗ ರಾಮೇಶ್ವರಂ ಕೆಫೆ ಸ್ಫೋಟದ ಶಂಕಿತನ ಜಾಡು ಬಳ್ಳಾರಿ ಬಸ್ ಸ್ಟ್ಯಾಂಡ್ ತನಕ ಬಂದಿತ್ತು. ಆಗ ಎನ್‌ಐಎ 10 ಲಕ್ಷ ಅಂತ ಸಾರಿ, ತಿಳಿಸಿದವರ ಗುರುತು ಗುಟ್ಟಾಗಿ ಇಡ್ತೀವಿ ಅಂತಲೂ ಹೇಳಿತ್ತು. ನೀವೂ ಡಿವೈಎಸ್ಪಿ ಮುಂದ ಕುಂತ ಕೂಡಲೇ ಅದನ್ನೇ ಕೇಳ್ರಿ: ನನ್ನ ಹೆಸರು ಕಾಗದದ ಮ್ಯಾಲ ಬರಬಾರದು, ಪಂಚನಾಮೆಗೂ ನನ್ನ ಕರೀಬಾರದು. ಅವರು ಹೂಂ ಅಂದಮ್ಯಾಲ ಹೇಳ್ರಿ. ನಿಮ್ಮ ರಜಾ ದಿನ ಹೋಗ್ರಿ, ಪಾಳಿ ನಡುವ ಎದ್ದು ಹೋಗಬ್ಯಾಡ್ರಿ.