ಬಿಬಿಎ ಹುಡುಗರಿಗೆ ಎಂಐಎಸ್ (ಕಂಪನಿಯ ಲೆಕ್ಕ, ಮಾಹಿತಿ ನೋಡಿ ತೀರ್ಮಾನ ಮಾಡಲು ನೆರವಾಗುವ ಕಂಪ್ಯೂಟರ್ ವ್ಯವಸ್ಥೆಗಳ ಪಾಠ) ಹೇಳಿಕೊಡುವುದು ಹೇಗೆ?

ಮಂಡ್ಯ ಮೇಷ್ಟ್ರು:
ಟಿಪಿಎಸ್ (ದಿನದ ವ್ಯವಹಾರ ದಾಖಲಿಸುವ ಸಿಸ್ಟಮ್), ಡಿಎಸ್‌ಎಸ್ (ತೀರ್ಮಾನಕ್ಕೆ ನೆರವಾಗುವ ಸಿಸ್ಟಮ್), ಇಆರ್‌ಪಿ (ಕಂಪನಿಯ ಎಲ್ಲ ವಿಭಾಗದ ಕೆಲಸ ಒಂದೇ ಕಡೆ ಜೋಡಿಸುವ ಸಾಫ್ಟ್‌ವೇರ್) ಅಂದರೇನು ಅಂತ ಕೇಳಿದರೆ ನಮ್ಮ ಹುಡುಗರು ಗಿಳಿಪಾಠ ಒಪ್ಪಿಸುತ್ತಾರೆ. ಒಂದು ತಿಂಗಳ ಸೇಲ್ಸ್ ಪಟ್ಟಿ ಕೊಟ್ಟು 'ಯಾವ ಮಾಲು ಕಮ್ಮಿ ತರಿಸಬೇಕು' ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಲ್ಯಾಬಿನಲ್ಲಿ ಇರುವುದು ಎಕ್ಸೆಲ್, ಟ್ಯಾಲಿ (ಅಂಗಡಿ ಲೆಕ್ಕದ ಸಾಫ್ಟ್‌ವೇರ್) ಅಷ್ಟೇ. ಏನು ಮಾಡಲಿ?

ಬೆಲ್ಲದಂಗಡಿ:
ಸಾರ್, ಅಷ್ಟೇ ಜಾಸ್ತಿ ಆಯ್ತು. ನಮ್ಮಂಥವರ ಬಿಲ್ ಪುಸ್ತಕ ಅವರ ಮುಂದಿಡಿ. ನಾನು ಟ್ಯಾಲಿ ಹಾಕಿಸಿದ ಹೊಸದರಲ್ಲಿ ಒಬ್ಬ 'ಅಚ್ಚು ಬೆಲ್ಲ' ಅಂತ, ಇನ್ನೊಬ್ಬ 'ಅಚ್ಚುಬೆಲ್ಲ' ಅಂತ, ಮತ್ತೊಬ್ಬ 'ಬೆಲ್ಲ ಅಚ್ಚು' ಅಂತ ಎಂಟ್ರಿ ಮಾಡಿ, ಒಂದೇ ಮಾಲು ಮೂರು ಐಟಂ ಆಗಿ, ಒಂದರಲ್ಲಿ ಸ್ಟಾಕ್ ಮೈನಸ್ ತೋರಿಸುತ್ತಿತ್ತು. ಗೋಡೌನಲ್ಲಿ ಮೂಟೆ ಹಾಗೇ ಬಿದ್ದಿತ್ತು! ಕಂಪ್ಯೂಟರ್ ನಂಬಿ ಮತ್ತೆ ತರಿಸಿದೆ, ಮಳೆಗಾಲಕ್ಕೆ ಅರ್ಧ ನೀರು ಬಿಟ್ಟುಕೊಂಡಿತು. ಅಂಥ ಗಲೀಜು ಲೆಕ್ಕ ಕೊಟ್ಟು ಸರಿ ಮಾಡಿಸಿ.

ಮೈಸೂರು, ಇಆರ್‌ಪಿ ಕೆಲಸ:
ದೊಡ್ಡವರ ಕಥೆಯೂ ಇದೇ. 1999ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್, ಹ್ಯಾಲೋವೀನ್ (ಮಕ್ಕಳಿಗೆ ಚಾಕೊಲೇಟ್ ಹಂಚುವ ಅಲ್ಲಿನ ಹಬ್ಬ) ಆರ್ಡರ್ ಬರುವ ಹೊತ್ತಿಗೇ ಹೊಸ ಇಆರ್‌ಪಿ ಸಿಸ್ಟಮ್ ಚಾಲೂ ಮಾಡಿ ಒದ್ದಾಡಿತು. ಗೋದಾಮಿನಲ್ಲಿ ಮಾಲಿದೆ, ಅಂಗಡಿಗೆ ಕಳಿಸಲು ಆಗುತ್ತಿಲ್ಲ. ನಮ್ಮಲ್ಲಿ ದಸರಾ ವಾರ ಹೋಟೆಲಿನವರು ಬುಕಿಂಗ್ ಸಾಫ್ಟ್‌ವೇರ್ ಬದಲಾಯಿಸಿದ ಹಾಗೆ. 'ನೀವೇ ಮ್ಯಾನೇಜರ್ ಆಗಿದ್ದರೆ ಯಾವ ತಿಂಗಳು ಶುರು ಮಾಡುತ್ತಿದ್ದಿರಿ?' ಅಂತ ಕೇಳಿ. ಟೆಕ್ನಿಕಲ್ ಪ್ರಶ್ನೆ ಅಲ್ವೇ ಅಲ್ಲ ಅದು. ಪಿವಟ್ ಟೇಬಲ್ (ಎಕ್ಸೆಲ್‌ನಲ್ಲಿ ಉದ್ದ ಪಟ್ಟಿಯನ್ನು ಒಟ್ಟುಗೂಡಿಸಿ ತೋರಿಸುವ ವಿಧಾನ) ಕಲಿಸಲು ಒಂದು ಪೀರಿಯಡ್ ಸಾಕು, ಈ ಯೋಚನೆಗೆ ಒಂದು ವಾರ ಕೊಡಿ.

ಮಂಡ್ಯ ಮೇಷ್ಟ್ರು:
ಬೆಲ್ಲದ ಸಾಹುಕಾರ್ರೇ, ಹಳೇ ಪುಸ್ತಕ ಒಂದೆರಡು ಕೊಡುತ್ತೀರಾ? ಗಿರಾಕಿಗಳ ಹೆಸರು, ಫೋನ್ ನಂಬರ್ ಮುಚ್ಚಿಯೇ ಜೆರಾಕ್ಸ್ ಮಾಡಿಸುತ್ತೇನೆ.

ಬೆಲ್ಲದಂಗಡಿ:
ಬನ್ನಿ ಸಾರ್. ಬೆಳಗ್ಗೆ ಮಾತ್ರ ಬೇಡ, ಲೋಡ್ ಇರುತ್ತದೆ.